ಪದದ ಬೇರು ಕೀಳುವ ಚಟ

ಇಂಗ್ಲಿಷ್ ಪದ ಕಂಡರೆ ಅದರ ಬೇರು ಕೀಳದೆ ಬಿಡಲಾರದ ಕೆಟ್ಟ ಚಟ ನನ್ನದು. ಸಿಂಧನೂರಿನ ಕಾಲೇಜಿನಲ್ಲಿ ಆ ಪಾಠ ಹೇಳುತ್ತೇನೆ, ಸರಿ. ಮದುವೆ ಊಟದ ಪಂಕ್ತಿಯಲ್ಲೂ ಹೇಳಬೇಕೇ? ಯಾರೋ ಪಾಪ ‘ನೈಸ್’ ಎಂದರೆ ಸಾಕು, ಹಿಂದೆ ಅದಕ್ಕೆ ದಡ್ಡ ಎಂಬ ಅರ್ಥವಿತ್ತೆಂದು ಶುರುಮಾಡುತ್ತೇನೆ. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ್ದ ಹುಡುಗನಿಗೆ, ‘ಮಸಲ್’ ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಇಲಿ ಎಂದೆ. ಅವನು ಅಂಗಿಯ ತೋಳು ಕೆಳಗೆಳೆದುಕೊಂಡ. “ನಿಮ್ಮ ಬಾಯಿಗೆ ಒಂದು ಕೀಲಿ ಇಲ್ಲೇನ್ರಿ?” ಎನ್ನುತ್ತಾಳೆ ಹೆಂಡತಿ. ನಾನು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಹೋದ ಭಾನುವಾರ ಗೊರೇಬಾಳದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಗಂಡನಿಗೆ, ಅಂದರೆ ನಮ್ಮ ಮಾಮಾಗೆ, ಹೊಟ್ಟೆಯ ಕ್ಯಾನ್ಸರ್. ನಮ್ಮ ಕಡೆ ಆ ಹೆಸರನ್ನು ರೋಗಿಯ ಮುಂದೆ ಯಾರೂ ಎತ್ತುವುದಿಲ್ಲ. “ಅಲ್ಸರ್ ಅಂತ ಹೇಳೀವಿ. ನೀ ಬಾಯಿ ಬಿಟ್ಟೀ, ಜೋಕಿ!” ಎಂದು ಅಕ್ಕ ಬಾಗಿಲಲ್ಲೇ ಎಚ್ಚರಿಸಿದಳು. ಕ್ಯಾನ್ಸರ್ ಎಂದರೆ ಮೂಲದಲ್ಲಿ ಏಡಿ ಎಂಬ ಸಂಗತಿ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ನಾನು ಹೊರಗಿನ ಕಟ್ಟೆಯ ಮೇಲೆ ಮಾಮಾ ಪಕ್ಕ ಕುಳಿತೆ. ಅಕ್ಕ ಚಹಾ ಮಾಡಲು ಒಳಗೆ ಹೋದಳು.

“ದವಾಖಾನ್ಯಾಗ ನನ್ನ ಮಲಗಿಸಿದ್ರಲ್ಲ, ಆ ಬಾಗಿಲ ಮ್ಯಾಲ ‘ಆಂಕಾಲಜಿ’ ಅಂತ ಬರದಿದ್ರು. ಹಂಗಂದ್ರೇನೋ ಮಾಸ್ತರ?” ಎಂದರು ಮಾಮಾ.

“ಭಾರಿ ಚಂದದ ಪದ ಮಾಮಾ! ಗ್ರೀಕ್‌ದಾಗ ‘ಆಂಕೋಸ್’ ಅಂದ್ರ ಹೊರಿ, ಭಾರ. ಆಮ್ಯಾಲ ಅದನ್ನ ಮೈಯಾಗ ಬೆಳಿಯೋ ಗಂಟಿಗೆ…”

ಅಕ್ಕನ ಎಚ್ಚರಿಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಆ ಇಂಗ್ಲಿಷ್ ಪದ ಮಾಮಾಗೆ ತಿಳಿಯದು ಎಂಬ ಧೈರ್ಯದ ಮೇಲೆ ಅವಳು ದಿನ ದೂಡುತ್ತಿದ್ದಳು. ಅದನ್ನು ನಾನು ಖುಷಿಯಿಂದ ಬಿಡಿಸಿ ಕೈಗೆ ಕೊಟ್ಟಿದ್ದೆ. ಥೂ ನನ್ನ ಜನ್ಮಕ್ಕಿಷ್ಟು! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾಮಾ ಎದುರಿನ ಭತ್ತದ ಗದ್ದೆಯ ಕಡೆ ಮುಖ ತಿರುಗಿಸಿದರು. “ಅದಕ್ಕ ನಿಮ್ಮಕ್ಕ ದಿನಾ ಬಚ್ಚಲದಾಗ ಕುಂತು ಅಳಾಕತ್ಯಾಳ,” ಎಂದರು. “ನನಗ ತಿಳೀತು ಅಂತ ಆಕಿಗೆ ಗೊತ್ತಾಗಬಾರದು ನೋಡು. ಪಾಪ, ನನ್ನ ಮುಂದ ನಗಾಕ ಎಷ್ಟು ಒದ್ದಾಡಾಕತ್ಯಾಳ.”

ಅಷ್ಟರಲ್ಲಿ ಅಕ್ಕ ಚಹಾ ತಂದಳು. ನನ್ನ ಮುಖ ನೋಡಿ, “ಏನು ನಡಸೀರಿ?” ಎಂದಳು.

“ನಿನ್ನ ತಮ್ಮ ಇಂಗ್ಲಿಷ್ ಕಲಸಾಕತ್ಯಾನ. ಆಂಕಾಲಜಿ ಅಂದ್ರ ಹೊಟ್ಟಿ ಹುಣ್ಣಂತ. ಹೌದಿಲ್ಲೋ ಮಾಸ್ತರ?”

“ಹೌದು ಮಾಮಾ,” ಎಂದೆ. “ಗ್ರೀಕ್ ಮಾತು. ಹೊಟ್ಟಿ ಹುಣ್ಣು ಅಂತನ ಅರ್ಥ.”

ಅಕ್ಕನ ಮುಖ ಹಗುರಾಯಿತು. ಬೇಕೆಂದೇ ತಪ್ಪು ಅರ್ಥ ಹೇಳಿದ್ದು ನನ್ನ ಜೀವಮಾನದಲ್ಲಿ ಅದೊಂದು ಪದಕ್ಕೆ ಮಾತ್ರ. ಇನ್ನು ಆ ಮನೆಯಲ್ಲಿ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.