ಮಧುಗಿರಿ ಬಂಗಲೆಯ ಬೆಂಕಿಗೂಡು

ಅಪ್ಪನ ಬಗ್ಗೆ ನನಗಿರುವುದು ಒಂದೇ ನೆನಪು. ಮಧುಗಿರಿಯ ಹೊರಗಿನ ಹಳೆಯ ಕಲ್ಲು ಬಂಗಲೆಯಲ್ಲಿ ಅವರು ಕಾವಲುಗಾರರಾಗಿದ್ದರು. ಹಜಾರದ ಗೋಡೆಯೊಳಗಿನ ಬೆಂಕಿಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಡಲೆಕಾಯಿ ಸುಡುತ್ತಿದ್ದಾರೆ. ನಾನು ಅವರ ಬೆನ್ನಿಗೆ ಆತುಕೊಂಡಿದ್ದೇನೆ. ನನಗೆ ಐದು ತುಂಬುವ ಮೊದಲೇ ಅವರು ತೀರಿಕೊಂಡರು.

ಈ ವರ್ಷ ಬಂಗಲೆಯ ದುರಸ್ತಿ ಶುರುವಾದಾಗ ಹೋಗಿ ನೋಡಿದರೆ ಹಜಾರದಲ್ಲಿ ಬೆಂಕಿಗೂಡೇ ಇರಲಿಲ್ಲ. ನಾಲ್ಕೂ ಗೋಡೆಗೆ ನುಣ್ಣಗೆ ಸಿಮೆಂಟು. ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ದೇಶದ ಹಳ್ಳಿಗಾಡಿನ ದೊಡ್ಡ ಮನೆಗಳ ನಕ್ಷೆ ತರಿಸಿ ಈ ಬಂಗಲೆ ಕಟ್ಟಿಸಿದ್ದು ಅನ್ನುತ್ತಾರೆ: ಕಡಿದಾದ ಮಾಡು, ಹೊರಕ್ಕೆ ಚಾಚಿದ ಕಿಟಕಿ, ಎರಡು ಮೊಳ ದಪ್ಪದ ಗೋಡೆ, ಮೇಲೊಂದು ಕಲ್ಲಿನ ಚಿಮಣಿ. ಚಿಮಣಿ ಇದ್ದ ಮೇಲೆ ಕೆಳಗೆ ಬೆಂಕಿಗೂಡು ಇರಲೇಬೇಕು, ಯಾರೋ ಮುಚ್ಚಿದ್ದಾರೆ ಎಂದು ದುರಸ್ತಿ ಮಾಡಿಸುವವರ ಹತ್ತಿರ ವಾದಿಸಿದೆ. ಅವರು ಒಪ್ಪಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ವಿಶ್ವವಿದ್ಯಾಲಯದಲ್ಲಿ ಓದುವಾಗ ಇಂಥ ಇಂಗ್ಲಿಷ್ ಮನೆಗಳ ಚಿತ್ರಗಳನ್ನು ಎಷ್ಟೋ ನೋಡಿದ್ದೆ. ಯಾವುದೋ ಚಿತ್ರದ ಬೆಂಕಿಯ ಮುಂದೆ ನಾನೇ ಅಪ್ಪನನ್ನು ಕೂರಿಸಿಬಿಟ್ಟಿದ್ದರೆ?

ಗೋಡೆ ಒಡೆಯುವ ದಿನ ಬೆಳಗ್ಗೆಯೇ ಹೋದೆ. ತೋವಿನಕೆರೆ ಕಡೆಯ ಕಲ್ಲು ಮೇಸ್ತ್ರಿ, ನನಗಿಂತ ಹಿರಿಯರು, ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿ ಸದ್ದು ಕೇಳುತ್ತಿದ್ದರು.

“ಈ ಬಿಸ್ಲೂರಲ್ಲಿ ಬೆಂಕಿ ಕಾಯ್ಸಕ್ಕೆ ಯಾವನ್ ಸಾಮಿ ಬತ್ತಾನೆ? ದೊಡ್ ಓದು ಓದಿರೋರು, ನೀವೇ ಹೇಳ್ಬೇಕು.”

“ಚಳಿಗಾಲದಲ್ಲಿ ನಮ್ಮಪ್ಪ ಹಾಕ್ತಿದ್ರು.”

“ಅದು ನಿಮ್ಗೆ ಗ್ಯಾಪ್ಕ ಐತಾ?”

ಅಷ್ಟರಲ್ಲಿ ಒಂದು ಕಡೆ ಟೊಳ್ಳು ಸದ್ದು ಬಂತು. ಸಿಮೆಂಟು ಉದುರಿತು, ಹಿಂದಿನ ಇಟ್ಟಿಗೆಗಳನ್ನು ಕಿತ್ತರು. ಕಲ್ಲಿನ ಕಮಾನು, ಅದರ ಕೆಳಗೆ ಸೊಂಟದೆತ್ತರದ ಗೂಡು. ಇತ್ತು! ಜೋರಾಗಿ ನಕ್ಕುಬಿಟ್ಟೆ.

ಮೇಸ್ತ್ರಿ ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬರೀ ಬಿಳಿ ಧೂಳು.

“ಮಸಿ ಒಂದ್ ಚೂರೂ ಇಲ್ವಲ್ಲ ಸಾಮಿ.” ತಲೆ ತೂರಿಸಿ ಮೇಲಕ್ಕೆ ಟಾರ್ಚ್ ಬಿಟ್ಟರು. “ಓಹೋ, ಹೊಗೆ ಹೋಗೋ ದಾರೀಗೆ ಚಪ್ಡಿ ಹಾಕಿ ಮುಚ್ಬುಟ್ಟವ್ರೆ. ಕಟ್ಟೋವಾಗ್ಲೇ ಹಾಕಿರೋದು ಇದು, ಗೋಡೆ ಒಳೀಕೆ ಹೋಗೈತೆ. ಮಳೆ ನೀರು ಬಂದಾತು ಅಂತ ನಮ್ಮಂಥ ಮೇಸ್ತ್ರಿಗಳೇ ಮುಚ್ಚಿರ್ತಾರೆ. ಅವ್ರು ಬೆಂಕಿಗೂಡು ಕಂಡಿದ್ರೆ ತಾನೆ! ಇಲ್ಲಿ ಬೆಂಕಿ ಹಾಕಿದ್ರೆ ಹೊಗೆಗೆ ದೊರೇನೂ ಆಚೆಗ್ ಓಡ್ಬೇಕಿತ್ತು.”

ನಾನೂ ಕೈ ಹಾಕಿ ನೋಡಿದೆ. ಚಪ್ಪಡಿ ತಣ್ಣಗೆ, ಬಿಗಿಯಾಗಿ ಕೂತಿತ್ತು. ಬೇರೆ ಕೋಣೆಯಲ್ಲಿ ಇನ್ನೊಂದು ಇದ್ದಿರಬಹುದೇ ಎಂದು ಕೇಳಿದೆ. ಮೇಲಿರುವುದು ಒಂದೇ ಚಿಮಣಿ ಎಂದು ಇಬ್ಬರಿಗೂ ಗೊತ್ತಿತ್ತು. ಮೇಸ್ತ್ರಿ ನನ್ನ ಮುಖ ನೋಡಿದರು. ಪಕ್ಕದ ಕೋಣೆಗೆ ಹೋಗಿ ಗೋಡೆ ತಟ್ಟತೊಡಗಿದರು. ನಾನು ಅವರ ಹಿಂದೆಯೇ ಹೋದೆ.