ಹೊಸ ಡಿಸ್ಕಿಗೂ ಒಂದು ಬೊಟ್ಟು

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗಗಳು ನಿಲ್ಲುವುದು ಕರೆಂಟು ಹೋದಾಗ, ಇಲ್ಲವೆ ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ. ಆ ವರ್ಷ ಪೂಜೆಯ ಸಾಲಿಗೆ ಕಂಪ್ಯೂಟರೂ ಸೇರಿತ್ತು. ನಮ್ಮ ಯಜಮಾನರು ಅದನ್ನು ಅಂಗಡಿಯಿಂದ ಇಡಿಯಾಗಿ ತಂದವರಲ್ಲ. ಬಿಡಿ ಸಾಮಾನು ತಂದು, ಪಡಸಾಲೆಯಲ್ಲಿ ಚಾಪೆ ಹಾಸಿ, ಸ್ಕ್ರೂ ಕಳೆದು, ಮತ್ತೆ ಹುಡುಕಿ, ತಾವೇ ಜೋಡಿಸಿದ್ದರು. ಹುಡುಕಿದವಳು ನಾನು. ಅದು ಮಾತ್ರ ಅವರಿಗೆ ನೆನಪಿರುವುದಿಲ್ಲ.

ಅದರಲ್ಲಿ ಅವರು ಸೀರೆಯ ದಡಿಗೆ, ಅಂದರೆ ಅಂಚಿಗೆ, ವಿನ್ಯಾಸ ಬರೆಯುತ್ತಿದ್ದರು. ನವಿಲು, ಕಳಸ, ಬಳ್ಳಿ, ಎರಡು ವರ್ಷದ ಕೆಲಸವೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿ. ರಬಕವಿಯ ಸಾವುಕಾರರು ಹೇಳಿದ್ದ, ಪೂಜೆಯ ಮರುದಿನವೇ ಕೊಡಬೇಕಾಗಿದ್ದ ನವಿಲಿನ ದಡಿಯೂ ಅದರಲ್ಲೇ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಡಿಸ್ಕು ತುಂಬಿತೆಂದು ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದನ್ನು ತಂದರು. ಹೊಸದನ್ನು ಬಳಸುವ ಮೊದಲು ಫಾರ್ಮ್ಯಾಟ್ ಅಂತ ಪೂರ್ತಿ ಅಳಿಸಿ, ಹಸನು ಮಾಡಿ, ಹಳೆಯದರ ಜೊತೆ ಕೂರಿಸಬೇಕು. ತಪ್ಪಿ ಹಳೆಯದನ್ನು ಅಳಿಸಿದರೆ ಎಲ್ಲ ನವಿಲುಗಳೂ ಹಾರಿಹೋದಂತೆ.

ಪೂಜೆಯ ದಿನ ಬೆಳಿಗ್ಗೆ ಹಳೆಯದನ್ನು ಬಿಚ್ಚಿ, ನೂಲಿನ ಧೂಳು ಒರೆಸಿ, ಎರಡನ್ನೂ ದೇವರ ಜಗಲಿಯ ಮುಂದೆ ತಾಟಿನಲ್ಲಿಟ್ಟರು. ಮಗ್ಗದ ಮನೆಯಲ್ಲಿ ಗುರುತಿಗೆ ಪೆನ್ನು ಹುಡುಕುವ ರೂಢಿಯಿಲ್ಲ. ನೂಲಿನ ಕಟ್ಟಿಗೂ ಬಣ್ಣದ ಬೊಟ್ಟೇ. ಕೈಗೆ ಸಿಕ್ಕ ಕುಂಕುಮವನ್ನು ಹಳೆಯ ಡಿಸ್ಕಿಗೆ ಒತ್ತಿ, ನನಗೊಂದು ಮಾತು ಹೇಳದೆ ಜಳಕಕ್ಕೆ ಹೋದರು.

ನಾನು ಪೂಜೆಗೆ ಕುಳಿತೆ. ಲಾಳಿ, ಕತ್ತರಿ, ನಟ್ಟು ಬಿಚ್ಚುವ ಪಾನಾ ಎಲ್ಲಕ್ಕೂ ವಿಭೂತಿ ಎಳೆದೆ. ನೋಡಿದರೆ ಡಿಸ್ಕುಗಳಲ್ಲಿ ಒಂದಕ್ಕೆ ಕುಂಕುಮವಿದೆ, ಇನ್ನೊಂದಕ್ಕಿಲ್ಲ. ಹಬ್ಬದ ದಿನ, ದೇವರ ಮುಂದೆ, ಬೋಳು ಹಣೆ! ಮನಸ್ಸು ತಡೆಯಲಿಲ್ಲ. ಬೆರಳು ನೀರಿಗೆ ಅದ್ದಿ ಎರಡಕ್ಕೂ ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಹೂವು ಏರಿಸಲು ಅತ್ತಿತ್ತ ಸರಿಸಿದ್ದೂ ಆಯಿತು.

ಮಧ್ಯಾಹ್ನ ಹೋಳಿಗೆ ಉಂಡು ಯಜಮಾನರು ತಾಟಿನ ಮುಂದೆ ಕೂತರು. ಎರಡು ಡಿಸ್ಕುಗಳನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕ ಯಾರು ಕುಂಕುಮಾ ಹಚ್ಚಿದ್ರು?"

"ಯಾವುದಕ್ಕರೀ?"

"ಅದನ್ನ ನಾನೂ ಕೇಳಾಕತ್ತೇನಿ. ಯಾವುದಕ್ಕ?"

ನಡೆದದ್ದು ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡು, "ಹಳೇದು ಯಾವುದು ಅಂತ ಇನ್ನ ದೇವರಿಗೇ ಗೊತ್ತು," ಎಂದರು.

ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ, "ದೇವರಿಗ್ಯಾಕ ಗೊತ್ತಿರಬೇಕಲೇ? ಜೋಡಿಸಿದಾಂವ ನೀನ," ಎಂದರು.

"ಎರಡೂ ಕಂಪ್ಯೂಟರಿಗೆ ಹಚ್ಚಿ ಅಳಸಾಕ ಹೋದ್ರ ಯಾವುದು ಅಳೀತೈತೋ ಏನೋ, ಬೇ."

"ಎರಡೂ ಯಾಕ ಹಚ್ತೀರಿ?" ಎಂದೆ ನಾನು. "ಒಂದೊಂದ ಹಚ್ಚಿ ನೋಡ್ರಿ. ಹಳೇದು ಮಾತಾಡತೈತಿ, ಹೊಸಾದು ಬಾಯಿ ತಗಿಯಂಗಿಲ್ಲ. ಹೊಸಾ ಸೊಸಿಗತೆ."

"ನೀ ಬಂದ ದಿನಾನ ಬಾಯಿ ತಗದಿದ್ದಿ," ಎಂದರು ಅತ್ತೆ.

"ನಾನೂ ಅದನ್ನ ಮಾಡಾಂವ ಇದ್ದೆ," ಎಂದು ಗೊಣಗಿ ಯಜಮಾನರು ಒಂದನ್ನು ಸಿಕ್ಕಿಸಿದರು. ಕಪ್ಪು ಪರದೆ, ಮೇಲೊಂದು ಸಾಲು ಇಂಗ್ಲಿಷು, ಅಷ್ಟೇ.

"ನೀರ ಹಚ್ಚಿದ್ದೇನು?" ಎಂದರು, ನನ್ನತ್ತ ನೋಡದೆ.

"ಬೆರಳ ತೊಯ್ಯುವಷ್ಟ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಳೆಯದೇ ಹಾಳಾಗಿದ್ದರೆ? ಶಿವನೇ, ಇದು ಹೊಸದೇ ಆಗಿರಲಿ ಎಂದುಕೊಳ್ಳುತ್ತ ಸೆರಗಿನ ತುದಿ ಹಿಂಡುತ್ತ ನಿಂತೆ.

ಎರಡನೆಯದನ್ನು ಸಿಕ್ಕಿಸಿದರು. ಒಳಗೆ ಕಟಕಟ ಎಂದಿತು. ಪರದೆ ಬೆಳಗಿತು. ಸಾವುಕಾರರ ನವಿಲು ಒಂದು ಕಾಲು ಎತ್ತಿಕೊಂಡು ನಿಂತಿತ್ತು.

"ಯಪ್ಪಾ," ಎಂದು ಅತ್ತೆ ಕತ್ತರಿ ಕೆಳಗಿಟ್ಟರು.

ಆಮೇಲೆ ಎರಡನ್ನೂ ಒಂದೇ ಅಗಲ ವಾಯರಿಗೆ ಜೋಡಿಸಿದರು. ಎರಡರಲ್ಲಿ ಹಿರಿಸೊಸೆ ಯಾರು, ಕಿರಿಸೊಸೆ ಯಾರು ಎಂದು ಕಂಪ್ಯೂಟರಿಗೆ ತಿಳಿಯಲು ಅವುಗಳ ಬೆನ್ನಿನ ಕಡ್ಡಿಗಳಿಗೆ ಜೋಳದ ಕಾಳಿಗಿಂತ ಸಣ್ಣ, ಜಂಪರ್ ಎಂಬ ಟೊಪ್ಪಿಗೆ ಹಾಕಬೇಕಂತೆ. ಇಲ್ಲದಿದ್ದರೆ ಎರಡೂ ತಾನು ಹಿರಿಯಳು, ತಾನು ಹಿರಿಯಳು ಎಂದು ಕೆಲಸ ನಿಲ್ಲಿಸುತ್ತವಂತೆ. ಅವರ ದಪ್ಪ ಬೆರಳಿಗೆ ಅದು ನಿಲ್ಲಲಿಲ್ಲ. ದಾರದ ಎಳೆ ಸೇರಿಸಿ ಪಳಗಿದ ನನ್ನ ಬೆರಳೇ ಬೇಕಾಯಿತು. ಹೊಸದನ್ನು ಅಳಿಸಿ, ನವಿಲುಗಳ ಇನ್ನೊಂದು ಪ್ರತಿ ಅದಕ್ಕೆ ಇಳಿಯುವ ತನಕ ಯಾರೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಸಾವುಕಾರರ ಫೋನು ಬಂತು, ದಡಿ ಎಲ್ಲಿಗೆ ಬಂತೆಂದು.

"ಇವತ್ತ ಹಬ್ಬ ಐತಲ್ಲರೀ," ಎಂದರು ಯಜಮಾನರು. "ಮನ್ಯಾಗ ಪೂಜಿ ಸ್ವಲ್ಪ ಜೋರ ಆತರಿ. ನಾಳಿ ಮುಂಜಾನಿ ಕೊಡ್ತೇನಿ."

ಅಷ್ಟೇ. ಹೆಂಡತಿ ಹೀಗೆ ಮಾಡಿದಳೆಂದು ಒಂದು ಮಾತಿಲ್ಲ.

ರಾತ್ರಿ ದೀಪದ ಮುಂದೆ ಕೈ ಮುಗಿದು ಆ ದಿನ ದೇವರು ಕಾಯ್ದದ್ದನ್ನು ಎಣಿಸಿದೆ. ನೀರು ಒಳಗಿಳಿಯಲಿಲ್ಲ, ಒಂದು. ಪ್ರತಿ ಮುಗಿಯುವ ತನಕ ಕರೆಂಟು ಹೋಗಲಿಲ್ಲ, ಎರಡು. ಮೂರನೆಯದು ಆ ಫೋನಿನ ಮಾತು. ಅದನ್ನು ದೇವರಿಗಷ್ಟೇ ಹೇಳಿದೆ. ಯಜಮಾನರಿಗೆ ಹೇಳಿದರೆ ಉಬ್ಬುತ್ತಾರೆ.