ಕಣಕುಂಬಿಯ ಮಳೆಗೆ ನಾನು ಎಳೆದ ಕೆಂಪು ಗೆರೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಬೆಳಗಾವಿಯಲ್ಲಿ ಹಿರಿಯ ಹವಾಮಾನ ವಿಜ್ಞಾನಿ. ಖಾನಾಪುರ ತಾಲೂಕಿನ ಮಳೆಯ ಸ್ವಭಾವ ಬದಲಾಗಿದೆಯೇ ಎಂಬ ವರದಿಗೆ ನಾನೂ ಸಹೋದ್ಯೋಗಿ ಡಾ. ಸುಜಾತಾ ಅವರೂ ಸಹಿ ಹಾಕಬೇಕಿತ್ತು. ಒಂದೇ ದಿನ ಸುರಿಯುವ ಭಾರಿ ಮಳೆ ಹೆಚ್ಚುತ್ತಿದೆ ಎಂದು ಆಕೆ, ಇಲ್ಲವೆಂದು ನಾನು.

ಜಗಳವೆಲ್ಲ ಆ ತಾಲೂಕಿನ ಘಟ್ಟದಂಚಿನ ಊರು ಕಣಕುಂಬಿಯ ಮಳೆ ರಿಜಿಸ್ಟರಿನದು. ಅಲ್ಲಿ ಮಳೆ ಅಳೆದು ಬರೆಯುತ್ತಿದ್ದವರು ಗಾವಡೆ ಎಂಬ ಅರೆಕಾಲಿಕ ವೀಕ್ಷಕರು. ಬೆಳಿಗ್ಗೆ ಎಂಟೂವರೆಗೆ ಒಮ್ಮೆ ಅಳೆಯುವುದು ನಿಯಮ. ಇವರ ಪುಟಗಳಲ್ಲೋ ಕೆಲವು ದಿನಗಳಿಗೆ ಮೂರು ಮೂರು ಅಂಕಿ, ಬೇರೆ ಬೇರೆ ಪೆನ್ನು, ಕೊನೆಗೆ ದೊಡ್ಡದೊಂದು ಮೊತ್ತ. ನನಗೆ ಮೋಸದ ವಾಸನೆ ಬಡಿಯಿತು. ಸುಜಾತಾ ಖಾನಾಪುರದವರು. ಗಾವಡೆಯವರ ಜೊತೆ ಫೋನಿನಲ್ಲಿ ಮರಾಠಿಯಲ್ಲೇ ಮಾತು. ಇಬ್ಬರೂ ಸೇರಿ ಮಳೆ ಹೆಚ್ಚಿಸಿ ಬರೆಯುತ್ತಿದ್ದಾರೆ ಎಂದೇ ನನ್ನ ಗುಮಾನಿ. ಆ ದಿನಗಳ ಮೇಲೆಲ್ಲ ಕೆಂಪು ಗೆರೆ ಎಳೆದು ಲೆಕ್ಕದಿಂದ ತೆಗೆದೆ. ಸುಳ್ಳು ಅಂಕಿ ಬರೆದದ್ದೇಕೆ ಎಂದು ಗಾವಡೆಯವರಿಗೆ ನೋಟಿಸನ್ನೂ ಕಳಿಸಿದೆ.

"ಸರ್, ಒಮ್ಮೆ ಹೋಗಿ ನೋಡ್ರಿ," ಎಂದರು ಸುಜಾತಾ. "ನಿಮ್ಮೂರಿನ ಮಳಿ ತಲ್ಯಾಗ ಇಟ್ಕೊಂಡು ನಮ್ಮೂರಿನ ಮಳಿ ಅಳೀಬ್ಯಾಡ್ರಿ."

"ಅಂಕಿಗೆ ಯಾವ ಊರ್ರಿ?" ಎಂದು ಗದರಿದೆ.

ಕಳ್ಳತನ ಹಿಡಿದೇ ಬಿಡುವ ಹುರುಪಿನಲ್ಲಿ, ಹೇಳದೆ ಕೇಳದೆ ಜುಲೈಯಲ್ಲಿ ಕಣಕುಂಬಿಗೆ ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಗಾವಡೆ, ಅರವತ್ತು ದಾಟಿದ ಮನುಷ್ಯ, ಕಂಬಳಿ ಹೊದ್ದು ಆ ಜಡಿಮಳೆಯಲ್ಲಿ ಮಳೆಮಾಪಕದ ಕಡೆ ಹೊರಟರು. ಸಿಕ್ಕಿಬಿದ್ದ ಮಗ ಎಂದುಕೊಂಡು ಹಿಂದೆಯೇ ಹೋಗಿ ನಿಂತೆ. ಮಾಪಕದೊಳಗಿನ ಬಾಟಲಿ ಗಂಟಲವರೆಗೆ ತುಂಬಿತ್ತು. ಅಳೆದು, ಚೆಲ್ಲಿ, ಬರೆದುಕೊಂಡರು.

"ಇದೇನ್ರಿ, ಈ ಹೊತ್ತಿನ್ಯಾಗ?"

"ತುಂಬಿ ಹೊರಗ ಹರದ್ರ ಆ ಮಳಿ ಎಲ್ಲಿಂದ ತಂದು ಬರೀಲ್ರಿ, ಸಾಹೇಬ್ರ? ಮುಂಜಾನಿ ತನಕಾ ಕುಂತ್ರ ಅರ್ಧಾ ಮಣ್ಣಪಾಲು. ನಿಮ್ಮೂರಾಗ ಬಾಟ್ಲಿ ತುಂಬಿದ್ದು ನೋಡಿಲ್ಲೇನ್ರಿ?"

ನೋಡಿರಲಿಲ್ಲ. ಒಂದೇ ದಿನಕ್ಕೆ ಮೂರು ಮೂರು ಅಂಕಿ ಯಾಕೆಂದು ಈಗ ತಿಳಿಯಿತು. ನಾನು ಬಯಲುಸೀಮೆಯ ಜೋಳದ ಹೊಲದವನು. ಬಾಟಲಿಯ ಕಾಲುಭಾಗ ತುಂಬಿದರೂ ನಮ್ಮೂರು ವಾರವಿಡೀ ಅದನ್ನೇ ಮಾತಾಡುತ್ತಿತ್ತು. ಒಂದು ದಿನಕ್ಕೆ ಇಷ್ಟು ಮಳೆ ಬರಲಾರದು ಎಂಬುದು ನನ್ನೂರಿನ ನಂಬಿಕೆ. ಅದನ್ನೇ ವಿಜ್ಞಾನವೆಂದು ತಿಳಿದಿದ್ದೆ. ಛೇ, ಎಂಥ ನಾಚಿಕೆ!

ನೋಟಿಸು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಗಾವಡೆ ರಿಜಿಸ್ಟರನ್ನು ನನ್ನ ಕೈಗಿಟ್ಟರು.

"ಬ್ಯಾಡ್ರಿ. ಸುಳ್ಳ ಬರದಾನಂತ ಊರಾಗೆಲ್ಲಾ ಸುದ್ದಿ ಆತು. ಇವತ್ತಿಂದೇ ಕಡೀದು."

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ.

ಬೆಳಗಾವಿಗೆ ಬಂದು, ತೆಗೆದ ದಿನಗಳನ್ನೆಲ್ಲ ಸೇರಿಸಿ, ಸುಜಾತಾರ ತೀರ್ಮಾನಕ್ಕೆ ಸಹಿ ಹಾಕಿದೆ. ಅನುಮಾನ ವಿಜ್ಞಾನಿಗೆ ಬೇಕು, ಈಗಲೂ ನನ್ನದು ಗುಮಾನಿಯ ಬುದ್ಧಿಯೇ. ಆದರೆ ಸಹೋದ್ಯೋಗಿಯ ಊರನ್ನು ಶಂಕಿಸುವವನು ಮೊದಲು ತನ್ನೂರನ್ನು ಶಂಕಿಸಬೇಕು ಎಂದು ಕಲಿತದ್ದು ಅಲ್ಲಿ. ಹೊಸ ವೀಕ್ಷಕರು ಸಿಕ್ಕಿದ್ದು ಮಳೆಗಾಲ ಮುಗಿದ ಮೇಲೆ. ಆ ವರ್ಷ ಕಣಕುಂಬಿಯಲ್ಲಿ ಮುಂದೆ ಎಷ್ಟು ಮಳೆ ಸುರಿಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.